ನಲವತ್ತು ಗುಂಡುಗಳ ಕಾವಲು: ಎಚ್‌ಎಂಐಎಸ್ ಬೆಂಗಾಲ್ ಹಡಗಿನ ಕಥೆ

1942ರ ನವೆಂಬರ್ 17ರಂದು ಹಿಂದೂ ಮಹಾಸಾಗರದ ನಡುಮಧ್ಯದ ಡಿಯೆಗೊ ಗಾರ್ಸಿಯಾ ಹವಳದ್ವೀಪಕ್ಕೆ ಸಣ್ಣದೊಂದು ಯುದ್ಧನೌಕೆ ಬಂದು ಸೇರಿತು. ಅದರ ಹಿಂಭಾಗಕ್ಕೆ ಶೆಲ್ಲಿನ ಪೆಟ್ಟು ಬಿದ್ದಿತ್ತು, ತೋಪಿಗೆ ಒಂದು ಗುಂಡೂ ಉಳಿದಿರಲಿಲ್ಲ. ನಾವು ಕಾವಲಿದ್ದ ಟ್ಯಾಂಕರ್ (ಎಣ್ಣೆ ಸಾಗಿಸುವ ಹಡಗು) ಮುಳುಗಿಹೋಗಿದೆ ಎಂದೇ ಅದರಲ್ಲಿದ್ದವರು ನಂಬಿದ್ದರು. ಮರುದಿನ, ಸುಮಾರು ಐದು ಸಾವಿರ ಕಿಲೋಮೀಟರ್ ಆಚೆ, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ಆ ಟ್ಯಾಂಕರ್ ಮೈತುಂಬ ತೂತುಗಳೊಂದಿಗೆ ತೆವಳಿಕೊಂಡು ಬಂತು. ಅದರ ಸಿಬ್ಬಂದಿಯ ಲೆಕ್ಕದಲ್ಲಿ ಮುಳುಗಿದ್ದು ಕಾವಲಿನ ಹಡಗು.

ಎರಡೂ ಉಳಿದಿದ್ದವು. ಮುಳುಗಿದ್ದು ಅವನ್ನು ಬೇಟೆಯಾಡಲು ಬಂದಿದ್ದ ಎರಡು ಜಪಾನಿ ಹಡಗುಗಳ ಪೈಕಿ ಒಂದು, ಹತ್ತು ಸಾವಿರ ಟನ್ನಿನ ಹೊಕೊಕು ಮಾರು. ಕಾವಲಿನ ಹಡಗು ಬ್ರಿಟಿಷ್ ಆಳ್ವಿಕೆಯ ಭಾರತದ ನೌಕಾಪಡೆಯಾದ ರಾಯಲ್ ಇಂಡಿಯನ್ ನೇವಿಯ 'ಎಚ್‌ಎಂಐಎಸ್ (ದೊರೆಯ ಭಾರತೀಯ ಹಡಗು) ಬೆಂಗಾಲ್'. ಟ್ಯಾಂಕರ್ ಡಚ್ಚರ 'ಒಂಡಿನಾ'.

ಈ ಕಾಳಗದ ಕಥೆ ನಮ್ಮಲ್ಲಿ ಆಗಾಗ ಓಡಾಡುತ್ತದೆ, ಹೆಚ್ಚಾಗಿ 'ಪುಟ್ಟ ಭಾರತೀಯ ಹಡಗು ಜಪಾನಿನ ದೈತ್ಯನನ್ನು ಮುಳುಗಿಸಿತು' ಎಂಬ ಒಂದು ಸಾಲಿನಲ್ಲಿ. ಆ ಸಾಲು ಪೂರ್ತಿ ಸುಳ್ಳೇನಲ್ಲ. ಆದರೆ 650 ಟನ್ನಿನ, ಒಂದೇ ತೋಪಿನ ಹಡಗು ಅಂಥ ಎರಡು ಹಡಗುಗಳ ಎದುರು ನಿಂತು ಬದುಕಿ ಬಂದದ್ದು ಹೇಗೆ ಎಂಬುದನ್ನು ಅದು ಹೇಳುವುದಿಲ್ಲ. ಅದು ಅರ್ಥವಾಗಬೇಕಾದರೆ ಎದೆಗಾರಿಕೆಯ ಜೊತೆಗೆ ಗುಂಡುಗಳನ್ನೂ, ದೂರವನ್ನೂ, ವೇಗವನ್ನೂ ಲೆಕ್ಕ ಹಾಕಬೇಕು.

ಕಾವಲಿನ ಗಣಿತ

ಯುದ್ಧಕಾಲದಲ್ಲಿ ಸರಕು ಹಡಗುಗಳು ಒಂಟಿಯಾಗಿ ಹೋಗದೆ ಗುಂಪು ಕಟ್ಟಿಕೊಂಡು, ಸುತ್ತ ಯುದ್ಧನೌಕೆಗಳನ್ನು ಇಟ್ಟುಕೊಂಡು ಹೋಗುವುದಕ್ಕೆ ಕಾನ್ವಾಯ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಇದು ಪೆದ್ದುತನ. ಐವತ್ತು ಹಡಗನ್ನು ಒಂದೇ ಕಡೆ ಸೇರಿಸಿದರೆ ಶತ್ರುವಿಗೆ ಹಬ್ಬವಲ್ಲವೇ? ಸಮುದ್ರದ ಅಗಾಧತೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಐವತ್ತು ಹಡಗುಗಳು ಐವತ್ತು ದಾರಿಯಲ್ಲಿ ಹೋದರೆ ಅವುಗಳಲ್ಲಿ ಯಾವುದಾದರೊಂದು ಸಬ್‌ಮರೀನಿನ ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಒಟ್ಟಾಗಿ ಹೋದರೆ ಕಾಣಿಸಬೇಕಾದ್ದು ಒಂದೇ ಗುಂಪು, ಉಳಿದ ಕಡಲೆಲ್ಲ ಖಾಲಿ.

ಎರಡನೆಯ ಲೆಕ್ಕ ಇನ್ನೂ ಚೆಂದ. ಗುಂಪಿನ ಹಡಗುಗಳ ಸಂಖ್ಯೆ ನಾಲ್ಕು ಪಟ್ಟಾದರೆ ಅದು ಹರಡಿಕೊಳ್ಳುವ ಜಾಗವೂ ಹೆಚ್ಚುಕಮ್ಮಿ ನಾಲ್ಕು ಪಟ್ಟಾಗುತ್ತದೆ. ಸುತ್ತಳತೆ ಮಾತ್ರ ಎರಡು ಪಟ್ಟಷ್ಟೇ ಆಗುತ್ತದೆ. ಕಾವಲು ಹಡಗುಗಳು ಕಾಯಬೇಕಾದ್ದು ಸುತ್ತಳತೆಯನ್ನು. ಅಂದರೆ ಗುಂಪು ದೊಡ್ಡದಾದಷ್ಟೂ ತಲೆಗೆ ಇಷ್ಟು ಎಂದು ಬೇಕಾಗುವ ಕಾವಲು ಕಡಿಮೆಯಾಗುತ್ತದೆ. ಬ್ರಿಟಿಷ್ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಅವರ ತಂಡ ಅಟ್ಲಾಂಟಿಕ್‌ನ ಅಂಕಿಅಂಶಗಳನ್ನು ಜಾಲಾಡಿ, ದೊಡ್ಡ ಕಾನ್ವಾಯ್‌ಗಳೇ ಹೆಚ್ಚು ಸುರಕ್ಷಿತ ಎಂದು ನೌಕಾಪಡೆಯ ಹಿರಿಯರಿಗೆ ಮನವರಿಕೆ ಮಾಡಿಕೊಡಬೇಕಾಯಿತು.

ಈ ಲೆಕ್ಕದ ಪ್ರಕಾರ ಒಂದು ಹಡಗಿಗೆ ಒಂದು ಕಾವಲು ಎಂಬುದು ಎಲ್ಲಕ್ಕಿಂತ ದುಬಾರಿಯಾದ, ಎಲ್ಲಕ್ಕಿಂತ ಬಡವಾದ ಏರ್ಪಾಡು. ಹಿಂದೂ ಮಹಾಸಾಗರದಲ್ಲಿ 1942ರಲ್ಲಿ ಅದೇ ಭಾಗ್ಯ ಎನ್ನುವ ಸ್ಥಿತಿಯಿತ್ತು.

ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು, ಮಾರ್ಚ್‌ನಲ್ಲಿ ರಂಗೂನ್. ಏಪ್ರಿಲ್ ಮೊದಲ ಹತ್ತು ದಿನಗಳಲ್ಲಿ ಜಪಾನಿನ ವಿಮಾನವಾಹಕ ನೌಕೆಗಳು ಬಂಗಾಳಕೊಲ್ಲಿಗೆ ನುಗ್ಗಿ ಕೊಲಂಬೊ, ಟ್ರಿಂಕಾಮಲಿಗಳ ಮೇಲೆ ಬಾಂಬ್ ಸುರಿದವು. ವಿಶಾಖಪಟ್ಟಣ, ಕಾಕಿನಾಡಗಳಿಗೂ ಬಿಸಿ ಮುಟ್ಟಿತು. ಕಾರ್ನ್‌ವಾಲ್, ಡಾರ್ಸೆಟ್‌ಶೈರ್ ಎಂಬ ಎರಡು ಕ್ರೂಸರ್‌ಗಳೂ (ವೇಗದ ದೊಡ್ಡ ಯುದ್ಧನೌಕೆಗಳು) ಹರ್ಮಿಸ್ ಎಂಬ ವಿಮಾನವಾಹಕವೂ ಮುಳುಗಿದ ಮೇಲೆ ಬ್ರಿಟಿಷರ ಪೂರ್ವ ನೌಕಾದಳ ತನ್ನ ನೆಲೆಯನ್ನು ಆಫ್ರಿಕಾದ ಮೊಂಬಾಸಾ ಬಳಿಯ ಕಿಲಿಂಡಿನಿಗೆ ಎತ್ತಿಕೊಂಡು ಹೋಯಿತು. ಬರ್ಮಾದ ಎಣ್ಣೆ ಹೋಯಿತು, ಡಚ್ ಈಸ್ಟ್ ಇಂಡೀಸ್‌ನ ಎಣ್ಣೆಯೂ ಹೋಯಿತು. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಇನ್ನು ಹತ್ತಿರದ ದಿಕ್ಕೆಂದರೆ ಪರ್ಷಿಯಾ ಕೊಲ್ಲಿಯ ಅಬಾದಾನ್. ಹಾಗಾಗಿ ಖಾಲಿ ಟ್ಯಾಂಕರ್ ಒಂದಕ್ಕೂ ಆಗ ಬಂಗಾರದ ಬೆಲೆ.

ಭಾರತಕ್ಕೆಂದು ಸಿಡ್ನಿಯಲ್ಲಿ ಕಟ್ಟಿದ ಹಡಗು

ರಾಯಲ್ ಇಂಡಿಯನ್ ನೇವಿ ಎಂಬ ಹೆಸರು ಬಂದದ್ದೇ 1934ರಲ್ಲಿ. 1939ರಲ್ಲಿ ಯುದ್ಧ ಶುರುವಾದಾಗ ಅದರ ಬಳಿ ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು ಹಡಗುಗಳು, ಎರಡು ಸಾವಿರವೂ ತುಂಬದ ಜನ. ಹಳೆಯ ಕಾಲದ ನಾವಿಕರಲ್ಲಿ ಬಹಳ ಮಂದಿ ಕೊಂಕಣದ ರತ್ನಗಿರಿ ಕಡೆಯವರು. ಯುದ್ಧ ಮುಗಿಯುವ ಹೊತ್ತಿಗೆ ಈ ಪಡೆ 25,000 ದಾಟಿತ್ತು. ಇಷ್ಟು ಬೇಗ ಬೆಳೆಯುವ ಪಡೆಗೆ ಹಡಗು ಎಲ್ಲಿಂದ ತರುವುದು? ಬ್ರಿಟನ್ನಿನ ಹಡಗುಕಟ್ಟೆಗಳೆಲ್ಲ ತಮ್ಮ ಕೆಲಸದಲ್ಲೇ ಮುಳುಗಿದ್ದವು. ಆಗ ಆಸ್ಟ್ರೇಲಿಯಾ ತನಗಾಗಿ ರೂಪಿಸಿಕೊಂಡಿದ್ದ ಒಂದು ವಿನ್ಯಾಸ ನೆರವಿಗೆ ಬಂತು: ಬ್ಯಾಥರ್ಸ್ಟ್ ವರ್ಗ.

ಕಾಗದದ ಮೇಲೆ ಇವು ಮೈನ್‌ಸ್ವೀಪರ್‌ಗಳು, ಅಂದರೆ ಶತ್ರು ಕಡಲಲ್ಲಿ ಬಿತ್ತಿದ ಸಿಡಿಮದ್ದುಗಳನ್ನು ಗುಡಿಸಿ ತೆಗೆಯುವ ಹಡಗುಗಳು. ಬಳಕೆಯಲ್ಲಿ ಎಲ್ಲರೂ ಕಾರ್ವೆಟ್ ಎಂದೇ ಕರೆದರು, ಯಾಕೆಂದರೆ ಸಬ್‌ಮರೀನ್ ಹುಡುಕುವುದು, ಕಾವಲು ಹೋಗುವುದು, ಸೈನಿಕರನ್ನು ಸಾಗಿಸುವುದು, ಕೆಟ್ಟುನಿಂತ ಹಡಗನ್ನು ಎಳೆದು ತರುವುದು, ಎಲ್ಲವನ್ನೂ ಅವುಗಳ ಕೈಲಿ ಮಾಡಿಸಿದರು. ಒಟ್ಟು 60 ಕಟ್ಟಿದರು. ಅದರಲ್ಲಿ ನಾಲ್ಕು ಭಾರತದ ಪಾಲಿಗೆ ಬಂದವು: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಇವುಗಳಲ್ಲಿ 'ಬಾಂಬೆ' 1942ರ ಮೇ 31ರ ರಾತ್ರಿ ಜಪಾನಿನ ಪುಟಾಣಿ ಸಬ್‌ಮರೀನ್‌ಗಳು ಸಿಡ್ನಿ ಬಂದರಿನೊಳಕ್ಕೆ ನುಸುಳಿದಾಗ ಅಲ್ಲೇ ಇತ್ತು. ಸೇವೆಗೆ ಸೇರಿ ಕಾಲು ಗಟ್ಟಿಯಾಗುವ ಮೊದಲೇ ಯುದ್ಧ ಮನೆಬಾಗಿಲಿಗೆ ಬಂದಂತಾಯಿತು.

ಬೆಂಗಾಲ್ ಹುಟ್ಟಿದ್ದು ಸಿಡ್ನಿ ಬಂದರಿನ ಕೊಕಾಟೂ ದ್ವೀಪದ ಹಡಗುಕಟ್ಟೆಯಲ್ಲಿ. 1942ರ ಮೇ 28ರಂದು ನೀರಿಗಿಳಿದು, ಆಗಸ್ಟ್ 8ರಂದು ಸೇವೆಗೆ ಸೇರಿತು. ಉದ್ದ 57 ಮೀಟರ್, ತೂಕ 650 ಟನ್, ವೇಗ ಹೆಚ್ಚೆಂದರೆ 15 ನಾಟ್, ಅಂದರೆ ಗಂಟೆಗೆ 28 ಕಿಲೋಮೀಟರ್. ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿರುವ 'ಚಪಲ್' ಕ್ಷಿಪಣಿ ದೋಣಿಯನ್ನು ನೋಡಿದವರಿಗೆ ಅಂದಾಜು ಸಿಗಲಿ ಎಂದು ಹೇಳುವುದಾದರೆ, ಬೆಂಗಾಲ್ ಉದ್ದದಲ್ಲಿ ಅದರ ಒಂದೂವರೆ ಪಟ್ಟು ಇತ್ತು, ಅಷ್ಟೇ.

ಈಗ ಶಸ್ತ್ರಗಳ ವಿಷಯ. ಈ ವರ್ಗದ ಹಡಗುಗಳಿಗೆ ಸಾಮಾನ್ಯವಾಗಿ ಮುಂಭಾಗದಲ್ಲಿ ನಾಲ್ಕು ಇಂಚಿನ ಒಂದು ತೋಪು ಇರುತ್ತಿತ್ತು. ಅಂಥ ತೋಪುಗಳ ಅಭಾವವಿದ್ದುದರಿಂದ ಕೆಲವಕ್ಕೆ '12 ಪೌಂಡರ್' ಎಂಬ ಮೂರು ಇಂಚಿನ ಸಣ್ಣ ತೋಪನ್ನೇ ಕೂರಿಸಿ ಕಳಿಸಿದರು. ಬೆಂಗಾಲ್‌ಗೆ ಸಿಕ್ಕಿದ್ದು ಅದೇ. ಜೊತೆಗೆ ವಿಮಾನಗಳನ್ನು ಹೊಡೆಯಲು 20 ಮಿಲಿಮೀಟರ್‌ನ ಮೂರು ಓರ್ಲಿಕಾನ್ ಗನ್‌ಗಳು, ಸಬ್‌ಮರೀನ್ ಪತ್ತೆಗೆ ನೀರಿನೊಳಗೆ ಶಬ್ದ ಬಿಟ್ಟು ಮಾರ್ದನಿ ಆಲಿಸುವ ಆಸ್ಡಿಕ್ ಯಂತ್ರ, ಅದರ ಮೇಲೆ ಉರುಳಿಸಲು ಡೆಪ್ತ್ ಚಾರ್ಜ್ ಎಂಬ, ನೀರಿನೊಳಗೆ ಸಿಡಿಯುವ ಮದ್ದಿನ ಪೀಪಾಯಿಗಳು. ಈ ಪಟ್ಟಿಯನ್ನು ಓದಿದರೆ ಸಾಕು, ಹಡಗನ್ನು ಯಾವುದರ ವಿರುದ್ಧ ಕಟ್ಟಿದ್ದರು ಎಂದು ತಿಳಿಯುತ್ತದೆ: ನೀರಿನ ಕೆಳಗಿನ ಶತ್ರು, ಆಕಾಶದ ಶತ್ರು. ನೀರಿನ ಮೇಲೆ ಎದುರಿನಿಂದ ಬರುವ ದೊಡ್ಡ ತೋಪಿನ ಹಡಗಿಗೆ ಇದರಲ್ಲಿ ಉತ್ತರವೇ ಇರಲಿಲ್ಲ. ಮುಖ್ಯ ತೋಪಿಗೆ ಇದ್ದ ಗುಂಡುಗಳು ಸುಮಾರು 40.

ಫ್ರೀಮ್ಯಾಂಟಲ್‌ನಿಂದ ಹೊರಟ ಜೋಡಿ

ನವೆಂಬರ್ 5ರಂದು ಬೆಂಗಾಲ್ ಮತ್ತು ಒಂಡಿನಾ ಫ್ರೀಮ್ಯಾಂಟಲ್ ಬಿಟ್ಟು ಡಿಯೆಗೊ ಗಾರ್ಸಿಯಾದತ್ತ ಹೊರಟವು. ಬೆಂಗಾಲ್‌ಗೆ ಇದು ಭಾರತದ ದಾರಿಯ ಮೊದಲ ಪಯಣ. ಹೆಚ್ಚಿನ ನಾವಿಕರು ಭಾರತೀಯರು, ಹಡಗೂ ಹೊಸದು, ತಂಡವೂ ಹೊಸದು. ಕಮಾಂಡರ್ ಆಗಿದ್ದವರು ಮೀಸಲು ಪಡೆಯ ಅಧಿಕಾರಿ ಲೆಫ್ಟಿನೆಂಟ್ ಕಮಾಂಡರ್ ಡಬ್ಲ್ಯೂ. ಜೆ. ವಿಲ್ಸನ್.

ಒಂಡಿನಾ ಆರು ಸಾವಿರ ಟನ್ ಮೀರಿದ ಟ್ಯಾಂಕರ್. ಕ್ಯಾಪ್ಟನ್ ವಿಲೆಮ್ ಹೊರ್ಸ್‌ಮನ್, ಡಚ್ ಅಧಿಕಾರಿಗಳು, ಚೀನೀ ಸಿಬ್ಬಂದಿ. ಅದರ ಹಿಂತುದಿಯಲ್ಲಿ ನಾಲ್ಕು ಇಂಚಿನ ಒಂದು ತೋಪು ಇತ್ತು, ಜೊತೆಗೆ 32 ಗುಂಡು. ಬೆರ್ಟ್ ಹ್ಯಾಮಂಡ್ ಎಂಬ ಆಸ್ಟ್ರೇಲಿಯಾದ ನಾವಿಕ ಅದರ ಗುರಿಕಾರ. ಕಾವಲು ಹಡಗಿನ ತೋಪಿಗಿಂತ ಕಾಯಿಸಿಕೊಳ್ಳುವ ಹಡಗಿನ ತೋಪೇ ದೊಡ್ಡದು! ಯುದ್ಧಕಾಲದ ಹಂಚಿಕೆ ಎಷ್ಟು ಅಡ್ಡಾದಿಡ್ಡಿಯಾಗಿ ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎದುರಾಳಿಗಳಾದ ಹೊಕೊಕು ಮಾರು ಮತ್ತು ಐಕೊಕು ಮಾರು ಹುಟ್ಟಿನಿಂದ ಯುದ್ಧನೌಕೆಗಳಲ್ಲ. ಒಸಾಕಾದ ಹಡಗು ಕಂಪನಿಯೊಂದಕ್ಕೆಂದು ಕಟ್ಟಿದ, ಪ್ರಯಾಣಿಕರನ್ನೂ ಸರಕನ್ನೂ ಒಯ್ಯುವ ವೇಗದ ಹಡಗುಗಳು. ಜಪಾನಿನ ನೌಕಾಪಡೆ ಅವನ್ನು ವಶಕ್ಕೆ ತೆಗೆದುಕೊಂಡು 14 ಸೆಂಟಿಮೀಟರ್ ಬಾಯಿಯ ಹಲವು ತೋಪುಗಳು, ಟಾರ್ಪೆಡೊ (ನೀರಿನೊಳಗೆ ಸಾಗಿ ಹೋಗಿ ಸಿಡಿಯುವ ಅಸ್ತ್ರ) ಬಿಡುವ ಕೊಳವೆಗಳು, ನೀರಿನ ಮೇಲಿಳಿಯುವ ವಿಮಾನಗಳು, ಎಲ್ಲವನ್ನೂ ಡೆಕ್ಕಿನ ಮೇಲೆ ಜೋಡಿಸಿ ದಾಳಿಕೋರ ಹಡಗುಗಳನ್ನಾಗಿ ಮಾಡಿತ್ತು. ವೇಗ 21 ನಾಟ್. ಪೆಸಿಫಿಕ್‌ನಲ್ಲಿ ಒಂದೆರಡು ಬಲಿ ತೆಗೆದುಕೊಂಡು ಇವು ಹಿಂದೂ ಮಹಾಸಾಗರಕ್ಕೆ ಬಂದಿದ್ದವು. 1942ರ ಮೇ ತಿಂಗಳಲ್ಲಿ ಜೆನೊಟಾ ಎಂಬ ಡಚ್ ಟ್ಯಾಂಕರನ್ನು ಹಿಡಿದವು, ಜೂನ್‌ನಲ್ಲಿ ಎಲಿಸಿಯಾ ಎಂಬ ಬ್ರಿಟಿಷ್ ಹಡಗನ್ನು ಹೊಡೆದವು, ಜುಲೈನಲ್ಲಿ ಹೌರಾಕಿಯನ್ನು ಹಿಡಿದವು. ಜೆನೊಟಾಗೆ ಜಪಾನಿ ಹೆಸರಿಟ್ಟು ತಮ್ಮ ನೌಕಾಪಡೆಯ ಎಣ್ಣೆ ಹಡಗನ್ನಾಗಿ ಮಾಡಿಕೊಂಡಿದ್ದರು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನವೆಂಬರ್ 11ರ ಮಧ್ಯಾಹ್ನ

ಹತ್ತಿರದ ನೆಲ ನೂರಾರು ಕಿಲೋಮೀಟರ್ ಆಚೆ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಬೆಂಗಾಲ್‌ನ ಕಾವಲುಗಾರರಿಗೆ ಒಂದು ಹಡಗು ಕಾಣಿಸಿತು, ಸ್ವಲ್ಪ ಹೊತ್ತಿಗೆ ಅದರ ಹಿಂದೆ ಇನ್ನೊಂದು.

ವಿಲ್ಸನ್ ಮುಂದೆ ಇದ್ದ ಲೆಕ್ಕ ಹೀಗಿತ್ತು. ಟ್ಯಾಂಕರಿನ ವೇಗ 12 ನಾಟ್, ಎದುರಿನವುಗಳದ್ದು 21. ಗಂಟೆಗೆ 9 ನಾಟಿಕಲ್ ಮೈಲು, ಅಂದರೆ ಸುಮಾರು 17 ಕಿಲೋಮೀಟರ್ ಅಂತರ ಕರಗುತ್ತದೆ. ಬೆನ್ನು ತಿರುಗಿಸಿ ಓಡಿದರೆ ಒಂದು ಗಂಟೆಯಲ್ಲಿ ಸಿಕ್ಕಿಬೀಳುವುದು ಖಂಡಿತ. ಕತ್ತಲೆಯಲ್ಲಿ ತಪ್ಪಿಸಿಕೊಳ್ಳೋಣವೆಂದರೆ ಸೂರ್ಯ ನೆತ್ತಿಯ ಮೇಲಿದ್ದಾನೆ, ಮುಳುಗಲು ಇನ್ನೂ ಆರು ತಾಸು. ಎದುರಾಳಿಯ ಒಂದೊಂದು ಗುಂಡು 38 ಕಿಲೊ, ಒಂದೂವರೆ ಮೂಟೆ ಅಕ್ಕಿಯಷ್ಟು. ಬೆಂಗಾಲ್‌ನ ಗುಂಡು ಆರು ಕಿಲೊ ಒಳಗೆ.

ಅವರು ಮಾಡಿದ್ದಿಷ್ಟು. ಟ್ಯಾಂಕರಿಗೆ ನೀನು ತಪ್ಪಿಸಿಕೊ ಎಂದು ಸಂಕೇತ ಕೊಟ್ಟರು. ತಮ್ಮ ಹಡಗನ್ನು ತಿರುಗಿಸಿ ನೇರವಾಗಿ ಶತ್ರುವಿನ ಕಡೆಗೆ ನಡೆಸಿದರು.

ಇದನ್ನು ಹುಚ್ಚು ಧೈರ್ಯ ಎಂದು ಬಣ್ಣಿಸುವುದು ಸುಲಭ. ಕಾವಲು ಹಡಗಿನ ಕೆಲಸ ಏನೆಂದು ಅರಿತವರಿಗೆ ಇದು ಪಾಠಪುಸ್ತಕದ ಮೊದಲ ಪುಟ. ಬೆಂಗಾವಲಿನ ಹಡಗು ಗೆಲ್ಲಬೇಕಿಲ್ಲ, ಕಾಯುತ್ತಿರುವ ಹಡಗಿಗೂ ಶತ್ರುವಿಗೂ ನಡುವೆ ಹೊಕ್ಕು ಹೊತ್ತು ಕಳೆಯುವಂತೆ ಮಾಡಬೇಕು. ಜೊತೆಗೆ, ಮೂರು ಇಂಚಿನ ತೋಪು ದೂರದಿಂದ ಹೊಡೆದರೆ ತಾಗುವುದೇ ಕಷ್ಟ, ಹತ್ತಿರ ಹೋದಷ್ಟೂ ಅದಕ್ಕೆ ಅರ್ಥ ಬರುತ್ತದೆ. ಹಡಗಿನ ಮೂತಿಯನ್ನೇ ಎದುರು ಮಾಡಿ ಹೋದರೆ ಶತ್ರುವಿನ ಗುರಿಗೆ ಸಿಗುವ ಮೈಯೂ ಕಿರಿದಾಗುತ್ತದೆ. ಬೆಂಗಾಲ್‌ನ ಅಗಲ ಹತ್ತು ಮೀಟರೂ ಇರಲಿಲ್ಲ.

ಹೊಕೊಕು ಮಾರು ಕೂಡ ಹತ್ತಿರ ಬಂತು. ಸುಮಾರು ಮೂರೂವರೆ ಕಿಲೋಮೀಟರ್ ದೂರಕ್ಕೆ ಬಂದ ಮೇಲೆ ಗುಂಡಿನ ಮಳೆ ಶುರುವಾಯಿತು. ಜಪಾನೀಯರು ಇಷ್ಟು ಹತ್ತಿರ ಬಂದದ್ದೇಕೆ ಎಂಬುದು ಈ ಕಾಳಗದ ಕೀಲಿ ಪ್ರಶ್ನೆ ಎಂದು ನನಗೆ ಅನಿಸುತ್ತದೆ. 14 ಸೆಂಟಿಮೀಟರಿನ ತೋಪುಗಳಿಗೆ ಹತ್ತು ಕಿಲೋಮೀಟರ್ ದೊಡ್ಡದೇನಲ್ಲ. ಎರಡೂ ಹಡಗುಗಳು ಅಷ್ಟು ದೂರದಲ್ಲೇ ನಿಂತು ನಿಧಾನವಾಗಿ ಹೊಡೆದಿದ್ದರೆ ಬೆಂಗಾಲ್‌ಗೆ ಉತ್ತರ ಕೊಡುವ ಅವಕಾಶವೇ ಸಿಗುತ್ತಿರಲಿಲ್ಲ. ಆದರೆ ಅವರ ಕಣ್ಣು ಟ್ಯಾಂಕರಿನ ಮೇಲಿತ್ತು. ಜೆನೊಟಾದ ಹಾಗೆ ಇದನ್ನೂ ಇಡಿಯಾಗಿ ಹಿಡಿದು ಒಯ್ಯುವ ಆಸೆ ಇದ್ದವರು ಅದನ್ನು ದೂರದಿಂದ ಜರಡಿ ಮಾಡಲಾರರು. ನಡುವೆ ಬಂದ ಈ ಚಿಕ್ಕ ಹಡಗನ್ನು ಅವರು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ.

ಒಂಡಿನಾ ಓಡಿಹೋಗಲಿಲ್ಲ. ಓಡಿದರೂ ಸಿಕ್ಕಿಬೀಳುತ್ತೇವೆ ಎಂಬ ಲೆಕ್ಕ ಹೊರ್ಸ್‌ಮನ್ ಅವರಿಗೂ ಗೊತ್ತಿತ್ತು. ಹಿಂತುದಿಯ ತೋಪನ್ನು ಹೊಕೊಕು ಮಾರು ಕಡೆಗೆ ತಿರುಗಿಸಿ ಅವರೂ ಗುಂಡು ಹಾರಿಸತೊಡಗಿದರು. ಈಗ ಒಂದೇ ಗುರಿಗೆ ಎರಡು ಹಡಗುಗಳ ಗುಂಡು.

ಆಮೇಲೆ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಒಂದು ಗುಂಡು ಹೊಕೊಕು ಮಾರು ಡೆಕ್ಕಿನ ಬಲಬದಿಯ ಟಾರ್ಪೆಡೊ ಕೊಳವೆಗಳ ಜಾಗಕ್ಕೆ ಬಿತ್ತು. ಟಾರ್ಪೆಡೊ ಸಿಡಿಯಿತು. ಬೆಂಕಿ ಹಿಂಭಾಗದ ವಿಮಾನಕ್ಕೆ, ಅದರ ಪೆಟ್ರೋಲಿಗೆ, ಕೊನೆಗೆ ಮದ್ದುಗುಂಡಿನ ಉಗ್ರಾಣಕ್ಕೆ ಹಬ್ಬಿತು. ಭಾರೀ ಸ್ಫೋಟದೊಂದಿಗೆ ಹಡಗು ಮುಳುಗಿತು. ಕ್ಯಾಪ್ಟನ್ ಇಮಾಜಾತೊ ಸೇರಿ 76 ಮಂದಿ ಸತ್ತರು.

ನಿಜವಾದ ಕ್ರೂಸರ್ ಆಗಿದ್ದರೆ ಹೀಗಾಗುವ ಸಂಭವ ಕಡಿಮೆಯಿತ್ತು. ಯುದ್ಧಕ್ಕೆಂದೇ ಕಟ್ಟಿದ ಹಡಗಿನಲ್ಲಿ ಮದ್ದುಗುಂಡಿನ ಕೋಣೆ ನೀರಿನ ಮಟ್ಟದ ಕೆಳಗೆ, ದಪ್ಪ ಉಕ್ಕಿನ ಹಿಂದೆ ಇರುತ್ತದೆ. ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟದಂತೆ ಅಡ್ಡಗೋಡೆಗಳಿರುತ್ತವೆ. ಪ್ರಯಾಣಿಕರಿಗೆಂದು ಕಟ್ಟಿದ ಹಡಗಿನ ಮೇಲೆ ತೋಪು, ಟಾರ್ಪೆಡೊ, ವಿಮಾನ, ಪೆಟ್ರೋಲು ಎಲ್ಲವನ್ನೂ ತಂದು ಪೇರಿಸಿದರೆ ನೋಡಲು ಭಯಂಕರವಾಗಿರುತ್ತದೆ, ಒಳಗೆ ಅದೊಂದು ಪಟಾಕಿ ಅಂಗಡಿ. ಆರು ಕಿಲೊ ಒಳಗಿನ ಗುಂಡೇ ಇರಲಿ, ಹದಿನಾಲ್ಕು ಕಿಲೊದ್ದೇ ಇರಲಿ, ಆ ಜಾಗಕ್ಕೆ ಬಿದ್ದರೆ ಸಾಕಿತ್ತು.

ಆ ಗುಂಡು ಯಾರದು?

ಡಚ್ ಬರಹಗಳನ್ನು ಓದಿದರೆ ಅದು ಹ್ಯಾಮಂಡ್ ಹಾರಿಸಿದ ಒಂಡಿನಾದ ಗುಂಡು. ಭಾರತದ ಕಡೆಯ ಬರಹಗಳಲ್ಲಿ ಅದು ಬೆಂಗಾಲ್‌ನದು. ಒಂಡಿನಾ ಪಕ್ಷದವರು ತಮ್ಮ ಗುಂಡು ಎರಡು ಪಟ್ಟಿಗಿಂತ ಭಾರ ಎಂಬುದನ್ನು ವಾದಕ್ಕೆ ತರುತ್ತಾರೆ. ಆದರೆ ಬಿದ್ದ ಜಾಗವೇ ಟಾರ್ಪೆಡೊಗಳಿದ್ದ ಜಾಗವಾದ್ದರಿಂದ ಗುಂಡಿನ ತೂಕ ಏನನ್ನೂ ತೀರ್ಮಾನಿಸುವುದಿಲ್ಲ. ಬೆಂಗಾಲ್ ಪಕ್ಷದವರು ತಾವು ಹತ್ತಿರವಿದ್ದೆವು ಎನ್ನುತ್ತಾರೆ. ಅದೂ ತೀರ್ಮಾನಿಸುವುದಿಲ್ಲ, ಮೂರ್ನಾಲ್ಕು ಕಿಲೋಮೀಟರ್ ನಾಲ್ಕು ಇಂಚಿನ ತೋಪಿಗೆ ಹತ್ತಿರವೇ. ಎರಡು ಹಡಗುಗಳು ಒಂದೇ ಹೊತ್ತಿನಲ್ಲಿ ಒಂದೇ ಗುರಿಗೆ ಹೊಡೆಯುವಾಗ ಯಾವ ಗುಂಡು ಯಾರದು ಎಂದು ಹೊಗೆ, ಗದ್ದಲಗಳ ನಡುವೆ ಬೇರ್ಪಡಿಸುವುದು ಆಗದ ಮಾತು. ನೋಡಿದವರೆಲ್ಲ ತಮ್ಮ ತಮ್ಮ ತೋಪಿನ ಹಿಂದೆ ನಿಂತಿದ್ದವರು.

ಇದನ್ನು ಹೀಗೇ ಬಿಡುವುದು ಪ್ರಾಮಾಣಿಕ. ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳಬಹುದು: ಬೆಂಗಾಲ್ ಮುಂದೆ ನುಗ್ಗದಿದ್ದರೆ ಹೊಕೊಕು ಮಾರು ತೋಪುಗಳೆಲ್ಲ ಮೊದಲ ನಿಮಿಷದಿಂದಲೇ ಟ್ಯಾಂಕರಿನ ಮೇಲೆ ಇರುತ್ತಿದ್ದವು. ಒಂಡಿನಾ ತಿರುಗಿ ಹೊಡೆಯದಿದ್ದರೆ ಬೆಂಗಾಲ್‌ನ ನಲವತ್ತು ಗುಂಡು ಅದೆಷ್ಟು ಹೊತ್ತಿಗೆ ಸಾಕಾಗುತ್ತಿದ್ದವು?

ಸಾಕಾಗಲೂ ಇಲ್ಲ. ಹೊಕೊಕು ಮಾರು ಉರಿಯುತ್ತಿದ್ದರೂ ಐಕೊಕು ಮಾರು ಗುಂಡು ಹಾರಿಸುತ್ತಲೇ ಇತ್ತು. ಬೆಂಗಾಲ್‌ನ ಹಿಂಭಾಗಕ್ಕೆ ಶೆಲ್ ಬಿದ್ದು ಬೆಂಕಿ ಹೊತ್ತಿಕೊಂಡಿತು. ತೋಪಿನ ಗುಂಡು ಮುಗಿದವು. ವಿಲ್ಸನ್ ಹೊಗೆಯ ಪರದೆ ಎಬ್ಬಿಸಿ ಅಲ್ಲಿಂದ ಹಿಂದೆ ಸರಿದರು. ಅಷ್ಟೆಲ್ಲ ಆದರೂ ಬೆಂಗಾಲ್‌ನಲ್ಲಿ ಒಬ್ಬರೂ ಸಾಯಲಿಲ್ಲ ಎಂಬುದು ಇಡೀ ಪ್ರಸಂಗದ ಅತ್ಯಂತ ನಂಬಲಾಗದ ಸಂಗತಿ.

ನಮ್ಮ ಕಡೆಯ ಕಥೆಗಳು ಹೆಚ್ಚಾಗಿ ಇಲ್ಲಿಗೆ ಮುಗಿದುಬಿಡುತ್ತವೆ. ಮುಗಿಯಬಾರದು, ಯಾಕೆಂದರೆ ಟ್ಯಾಂಕರ್ ಇನ್ನೂ ಅಲ್ಲೇ ಇತ್ತು. ಕಾವಲಿನ ಹಡಗು ಬಿಟ್ಟುಹೋಯಿತಲ್ಲ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನನ್ನ ಮಟ್ಟಿಗೆ ವಿಲ್ಸನ್ ತೀರ್ಮಾನ ಸಮರ್ಥನೀಯ. ಅವರ ಬಳಿ ಉಳಿದಿದ್ದ ಓರ್ಲಿಕಾನ್‌ಗಳು ವಿಮಾನಕ್ಕೋ ಕಿಲೋಮೀಟರ್ ದೂರದ ದೋಣಿಗೋ ಆಗುವಂಥವು. ಅಲ್ಲೇ ನಿಂತಿದ್ದರೆ ಒಂದರ ಬದಲು ಎರಡು ಹಡಗು ಹೋಗುತ್ತಿದ್ದವು. ಹಾಗೆಂದು ಒಂಡಿನಾದವರ ಪಾಲಿಗೆ ಅನಂತರದ ಗಂಟೆಗಳು ಏನಾಗಿದ್ದವು ಎಂಬುದನ್ನು ಮರೆಮಾಚಿ ಬೆಂಗಾಲ್‌ನ ಕೀರ್ತಿ ಹೆಚ್ಚಿಸುವ ಅಗತ್ಯವಿಲ್ಲ.

ಟ್ಯಾಂಕರ್ ಮುಳುಗದ ಗುಟ್ಟು

ಒಂಡಿನಾದ ಗುಂಡುಗಳೂ ಮುಗಿದವು. ಶೆಲ್‌ಗಳು ಒಂದರ ಹಿಂದೊಂದು ಬೀಳುತ್ತಿದ್ದಾಗ ಕ್ಯಾಪ್ಟನ್ ಹೊರ್ಸ್‌ಮನ್ ಹಡಗು ಬಿಡಲು ಆಜ್ಞೆ ಕೊಟ್ಟರು, ಆಮೇಲೆ ಬಂದ ಶೆಲ್ಲಿನ ಚೂರು ತಾಗಿ ತಾವೇ ತೀರಿಕೊಂಡರು. ಸಿಬ್ಬಂದಿ ದೋಣಿಗಳಿಗೆ ಇಳಿದರು. ಐಕೊಕು ಮಾರು ಹತ್ತಿರ ಬಂದು ಎರಡು ಟಾರ್ಪೆಡೊ ಹೊಡೆಯಿತು. ಹಡಗು ಒಂದು ಪಕ್ಕಕ್ಕೆ ಸುಮಾರು 30 ಡಿಗ್ರಿ ವಾಲಿತು. ಅನಂತರ ಜಪಾನೀಯರು ದೋಣಿಗಳ ಮೇಲೆ ಮಷಿನ್‌ಗನ್ ತಿರುಗಿಸಿದರು. ಮುಖ್ಯ ಎಂಜಿನಿಯರ್ ಹಾಗೂ ಇನ್ನೂ ಮೂವರು ಸತ್ತರು. ನೀರಲ್ಲಿದ್ದ ತಮ್ಮ ಹೊಕೊಕು ಮಾರು ಜನರನ್ನು ಎತ್ತಿಕೊಂಡು ಬಂದು, ಕೊನೆಯದಾಗಿ ಇನ್ನೊಂದು ಟಾರ್ಪೆಡೊ ಬಿಟ್ಟರು. ಅದು ಗುರಿ ತಪ್ಪಿತು. ಟ್ಯಾಂಕರ್ ಹೇಗೂ ಮುಳುಗುತ್ತದೆ ಎಂದುಕೊಂಡು ಹೊರಟುಹೋದರು.

ಮುಳುಗಲಿಲ್ಲ. ಟ್ಯಾಂಕರಿನ ಒಡಲು ಒಂದೇ ದೊಡ್ಡ ಡಬ್ಬಿಯಲ್ಲ, ಗೋಡೆಗಳಿಂದ ಬೇರ್ಪಟ್ಟ ಹಲವು ತೊಟ್ಟಿಗಳ ಸಾಲು. ಒಂಡಿನಾ ಎಣ್ಣೆ ತುಂಬಿಸಿಕೊಳ್ಳಲು ಹೊರಟಿದ್ದ ಹಡಗು, ಸರಕಿನ ತೊಟ್ಟಿಗಳಲ್ಲಿ ಎಣ್ಣೆ ಇರಲಿಲ್ಲ. ಟಾರ್ಪೆಡೊ ಎರಡು ಮೂರು ತೊಟ್ಟಿ ಒಡೆದರೂ ಉಳಿದವು ಗಾಳಿ ತುಂಬಿದ ಪೀಪಾಯಿಗಳಂತೆ ಹಡಗನ್ನು ಎತ್ತಿ ಹಿಡಿದವು. ತುಂಬಿದ ಟ್ಯಾಂಕರ್ ಆಗಿದ್ದರೆ ಆ ಬೆಂಕಿಯಲ್ಲಿ ಕಥೆ ಬೇರೆಯೇ ಆಗುತ್ತಿತ್ತು.

ದಾಳಿಕೋರರು ಕಣ್ಮರೆಯಾದ ಮೇಲೆ ಮೊದಲ ಅಧಿಕಾರಿ ರೆಹ್‌ವಿಂಕೆಲ್ ಜನರನ್ನು ಮತ್ತೆ ಹಡಗು ಹತ್ತಿಸಿದರು. ಬೆಂಕಿ ಆರಿಸಿದರು. ವಾಲಿದ ಬದಿಗೆ ಎದುರು ಬದಿಯ ತೊಟ್ಟಿಗಳಿಗೆ ಬೇಕೆಂದೇ ನೀರು ಬಿಟ್ಟು ಹಡಗನ್ನು ನೆಟ್ಟಗೆ ಮಾಡಿದರು. ಹಡಗು ಇನ್ನಷ್ಟು ನೀರಲ್ಲಿ ಇಳಿದರೂ ಸಮತೋಲ ಬಂತು, ಎಂಜಿನ್ ಕೆಲಸ ಮಾಡುತ್ತಿತ್ತು. ಫ್ರೀಮ್ಯಾಂಟಲ್ ಕಡೆಗೆ ಮುಖ ತಿರುಗಿಸಿದರು. ಹಡಗು ಬಿಡುವಾಗ ನಿಯಮದಂತೆ ಸಂಕೇತ ಪುಸ್ತಕಗಳನ್ನು ನೀರಿಗೆ ಎಸೆದಿದ್ದರಿಂದ, ಗಾಯಾಳುಗಳಿಗೆ ವೈದ್ಯರು ಬೇಕು ಎಂಬ ಸಂದೇಶವನ್ನು ಬಿಚ್ಚುಮಾತಿನಲ್ಲೇ ಕಳಿಸಬೇಕಾಯಿತು. ದಡದಲ್ಲಿದ್ದವರು ಅದನ್ನು ಜಪಾನೀಯರ ಮೋಸವಿರಬಹುದೆಂದು ಶಂಕಿಸಿದರು. ಮುಳುಗಿದೆ ಎಂದುಕೊಂಡ ಹಡಗು ಮಾತಾಡಿದರೆ ಯಾರು ನಂಬುತ್ತಾರೆ?

ಆಮೇಲಿನ ವರ್ಷಗಳು

ಈ ಕಾಳಗ ನಡೆದದ್ದು ಮಿತ್ರಪಡೆಗಳು ಉತ್ತರ ಆಫ್ರಿಕಾದಲ್ಲಿ ಇಳಿದ ಮೂರು ದಿನಗಳ ಬಳಿಕ. ಲೋಕದ ಕಣ್ಣೆಲ್ಲ ಅಲ್ಲಿತ್ತು. ಆದರೆ ಜಪಾನಿನ ನೌಕಾಪಡೆ ಮಾತ್ರ ಇದರಿಂದ ಪಾಠ ಕಲಿಯಿತು. ಪ್ರಯಾಣಿಕ ಹಡಗುಗಳಿಗೆ ತೋಪು ಕಟ್ಟಿ ಬೇಟೆಗೆ ಕಳಿಸುವ ಪದ್ಧತಿ ಹಿಂದೂ ಮಹಾಸಾಗರದಲ್ಲಿ ಅಲ್ಲಿಗೆ ನಿಂತಿತು. ಅಲ್ಲಿ ವ್ಯಾಪಾರಿ ಹಡಗುಗಳ ಮೇಲೆ ಜಪಾನಿನ ಮೇಲ್ಮೈ ನೌಕೆಗಳು ಮತ್ತೆ ಕಾಣಿಸಿಕೊಂಡದ್ದು 1944ರ ಮಾರ್ಚ್‌ನಲ್ಲಿ, ಅದೂ ತೋನೆ ಎಂಬ ನಿಜವಾದ ಕ್ರೂಸರ್ ಬೆಹಾರ್ ಎಂಬ ಹಡಗನ್ನು ಮುಳುಗಿಸಿದಾಗ. ಐಕೊಕು ಮಾರು ಸೈನಿಕರನ್ನೂ ಸರಕನ್ನೂ ಹೊರುವ ಕೆಲಸಕ್ಕೆ ಇಳಿಯಿತು. 1944ರ ಫೆಬ್ರವರಿ 17ರಂದು ಟ್ರುಕ್ ಲಗೂನಿನಲ್ಲಿ ಅಮೆರಿಕನ್ ವಿಮಾನಗಳ ದಾಳಿಗೆ ಸಿಕ್ಕಿ ಅದೂ ಸಿಡಿದು ಮುಳುಗಿತು.

ವಿಲ್ಸನ್ ಅವರಿಗೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್ ಬಂತು. ಹೊರ್ಸ್‌ಮನ್ ಅವರಿಗೆ ಮರಣೋತ್ತರವಾಗಿ ನೆದರ್ಲೆಂಡ್ಸ್‌ನ ಅತ್ಯುನ್ನತ ಸೇನಾ ಗೌರವ, ಹ್ಯಾಮಂಡ್ ಅವರಿಗೆ ಡಚ್ಚರ ಕಂಚಿನ ಶಿಲುಬೆ. ಒಂಡಿನಾ ಸ್ವಲ್ಪ ಕಾಲ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ಸಬ್‌ಮರೀನ್‌ಗಳಿಗೆ ಎಣ್ಣೆ ತುಂಬಿಸುವ ತೇಲುವ ತೊಟ್ಟಿಯಾಗಿ ನಿಂತಿತು, ಬಳಿಕ ಅಮೆರಿಕದಲ್ಲಿ ದುರಸ್ತಿಯಾಗಿ ಮತ್ತೆ ದುಡಿಯಿತು. 1959ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅದನ್ನು ಒಡೆದರು.

ಬೆಂಗಾಲ್ ದುರಸ್ತಿಯಾಗಿ ಯುದ್ಧ ಮುಗಿಯುವವರೆಗೂ ಕೆಲಸ ಮಾಡಿತು. ಮತ್ತೆ ಅಂಥದೊಂದು ಮಧ್ಯಾಹ್ನ ಅದಕ್ಕೆ ಎದುರಾಗಲಿಲ್ಲ. ಕಾವಲು ಹಡಗುಗಳ ಬಾಳು ಸಾಮಾನ್ಯವಾಗಿ ಹಾಗೆಯೇ: ವಾರಗಟ್ಟಲೆ ಆಸ್ಡಿಕ್‌ನ ಟಿಣ್ ಟಿಣ್ ಕೇಳುವುದು, ನಿಧಾನದ ಹಡಗುಗಳ ಅಕ್ಕಪಕ್ಕ ಓಲಾಡುತ್ತ ಹೋಗುವುದು, ಏನೂ ಆಗದೆ ಬಂದರು ಸೇರುವುದು. ಏನೂ ಆಗದಿದ್ದರೇ ಕೆಲಸ ಸರಿಯಾಗಿ ಆಗಿದೆ ಎಂದು ಲೆಕ್ಕ. ಸ್ವಾತಂತ್ರ್ಯ ಬಂದ ಮೇಲೂ ಭಾರತದ ಹಡಗುಗಳ ಹೆಸರಿನ ಹಿಂದೆ ದೊರೆಯ ಹೆಸರಿನ 'ಎಚ್‌ಎಂಐಎಸ್' ಉಳಿದಿತ್ತು. 1950ರ ಜನವರಿ 26ಕ್ಕೆ ಅದು ಹೋಗಿ ಹಡಗು ಐಎನ್‌ಎಸ್ ಬೆಂಗಾಲ್ ಆಯಿತು. 1960ರಲ್ಲಿ ಗುಜರಿಗೆ ಹೋಯಿತು. ಉಳಿಸಿಕೊಳ್ಳಬೇಕಿತ್ತು ಎಂದು ಈಗ ಹೇಳುವುದು ಸುಲಭ. ಆಗಿನ ನೌಕಾಪಡೆಗೆ ಹಳೆಯ ಉಕ್ಕಿಗಿಂತ ಹೊಸ ಹಡಗಿನ ಚಿಂತೆ ದೊಡ್ಡದಿತ್ತು.

ಅದರ ಅಕ್ಕತಂಗಿಯರಲ್ಲಿ ಎರಡು ಆಸ್ಟ್ರೇಲಿಯಾದಲ್ಲಿ ಮ್ಯೂಸಿಯಂಗಳಾಗಿ ಉಳಿದಿವೆ. 'ವೈಯಾಲ' ದಕ್ಷಿಣ ಆಸ್ಟ್ರೇಲಿಯಾದ ಅದೇ ಹೆಸರಿನ ಊರಿನಲ್ಲಿ ನೆಲದ ಮೇಲಿದೆ. 'ಕ್ಯಾಸಲ್‌ಮೈನ್' ಮೆಲ್ಬರ್ನ್ ಬಳಿಯ ವಿಲಿಯಮ್ಸ್‌ಟೌನ್‌ನಲ್ಲಿ ಇನ್ನೂ ನೀರಿನ ಮೇಲೇ ಇದೆ. ಮೆಲ್ಬರ್ನ್‌ನಲ್ಲಿ ಕನ್ನಡಿಗರು ಬೇಕಾದಷ್ಟಿದ್ದಾರೆ. ಅತ್ತ ಹೋದವರು ಅದರ ಮುಂಭಾಗದ ತೋಪಿನ ಕಟ್ಟೆಯ ಹತ್ತಿರ ನಿಂತು, ಹಿಂದಿರುವ ಬ್ರಿಡ್ಜ್ (ಹಡಗು ನಡೆಸುವವರು ನಿಲ್ಲುವ ಜಾಗ) ಎಷ್ಟು ಸಮೀಪ, ಅಕ್ಕಪಕ್ಕದ ತಗಡು ಎಷ್ಟು ತೆಳು ಎಂದು ನೋಡಿ ಬರಬಹುದು.